ಬೇಟೆಯ ನೆಲೆಯನ್ನು ಹೇಳಬಹುದೇ?

1878ರ ವಸಂತದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಮಿಷಿಗನ್ ರಾಜ್ಯದಲ್ಲಿ ಪೆಟಾಸ್ಕಿ ಎಂಬ ಊರಿನ ಬಳಿಯ ಕಾಡಿಗೆ ಲಕ್ಷೋಪಲಕ್ಷ ಪಾರಿವಾಳಗಳು ಗೂಡು ಕಟ್ಟಲು ಬಂದಿಳಿದವು. ಇವು ಪ್ಯಾಸೆಂಜರ್ ಪಾರಿವಾಳವೆಂದು ಹೆಸರಾದ ವಲಸೆ ಹಕ್ಕಿಗಳು. ಐರೋಪ್ಯರು ಆ ಖಂಡಕ್ಕೆ ಕಾಲಿಟ್ಟ ಕಾಲದಲ್ಲಿ ಅವುಗಳ ಸಂಖ್ಯೆ 300ರಿಂದ 500 ಕೋಟಿಯಷ್ಟು ಇದ್ದಿರಬೇಕೆಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ಈ ಹಕ್ಕಿಗಳು ವರ್ಷವರ್ಷವೂ ಒಂದೇ ಸ್ಥಳದಲ್ಲಿ ಗೂಡು ಕಟ್ಟುತ್ತಿರಲಿಲ್ಲ. ಬೀಚ್, ಓಕ್ ಮೊದಲಾದ ಮರಗಳ ಕಾಯಿ ಯಾವ ಕಾಡಿನಲ್ಲಿ ಹೇರಳವಾಗಿ ಉದುರಿರುವುದೋ ಅಲ್ಲಿಗೆ ಹೋಗಿ ಬೀಡು ಬಿಡುತ್ತಿದ್ದವು. ಆದುದರಿಂದ ಈ ವರ್ಷ ಅವು ಎಲ್ಲಿ ಇಳಿಯುವುವೆಂಬುದು ಮುಂಚಿತವಾಗಿ ಯಾರಿಗೂ ತಿಳಿಯುತ್ತಿರಲಿಲ್ಲ. ಹೀಗೆ ನೆಲೆ ತಿಳಿಯದಿದ್ದುದೇ ಆ ಹಕ್ಕಿಗಳಿಗೆ ಒಂದು ಬಗೆಯ ರಕ್ಷೆಯಾಗಿತ್ತು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ತಂತಿ ಮತ್ತು ರೈಲುಗಳು ಬಂದು ಈ ರಕ್ಷೆಯನ್ನು ಕಿತ್ತುಕೊಂಡವು. ಹಕ್ಕಿಗಳು ಇಳಿದ ಸುದ್ದಿ ತಂತಿಯ ಮೂಲಕ ದೂರದೂರದ ಊರುಗಳಿಗೆ ಹರಡಿತು. ಮಾಂಸವನ್ನು ಮಾರಿ ಜೀವಿಸುವ ಬೇಟೆಗಾರರು ರೈಲು ಹತ್ತಿ ಬಂದರು. ಕೊಂದ ಹಕ್ಕಿಗಳು ಅದೇ ರೈಲಿನಲ್ಲಿ ಪಟ್ಟಣದ ಪೇಟೆಗಳಿಗೆ ಸಾಗಿದವು. ಪೆಟಾಸ್ಕಿಯ ಬೀಡು ಆ ಜಾತಿಯ ಕೊನೆಯ ಮಹಾ ಬೀಡುಗಳಲ್ಲಿ ಒಂದಾಯಿತು. 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿಯ ಮೃಗಾಲಯದಲ್ಲಿ ಕಟ್ಟಕಡೆಯ ಹಕ್ಕಿ ಸತ್ತಿತು. ಕಾಡುಗಳನ್ನು ಕಡಿದುದೂ ಈ ನಾಶಕ್ಕೆ ಒಂದು ಕಾರಣವೆಂಬುದು ನಿಜ. ಆದರೆ ಒಂದು ಸ್ಥಳದ ಹೆಸರು ಬೇಗನೆ ಹರಡಿದುದರಿಂದ ಏನಾಗಬಹುದೆಂಬುದಕ್ಕೆ ಇದಕ್ಕಿಂತ ಕಠೋರವಾದ ನಿದರ್ಶನ ಸಿಗಲಾರದು.

ಆ ದೇಶದ ಬೇಟೆಗಾರರಲ್ಲಿ ಇಂದಿಗೂ ಬಗೆಹರಿಯದ ಒಂದು ವಿವಾದವುಂಟು. ಸಾರ್ವಜನಿಕ ಭೂಮಿಯಲ್ಲಿ ತಾನು ಕಷ್ಟಪಟ್ಟು ಕಂಡುಕೊಂಡ ಒಳ್ಳೆಯ ಬೇಟೆಯ ನೆಲೆಯನ್ನು ಇತರರಿಗೆ ಹೇಳಬೇಕೇ, ಬಚ್ಚಿಡಬೇಕೇ? ಮೇಲುನೋಟಕ್ಕೆ ಇದು ಬರಿಯ ಸ್ವಾರ್ಥ ಔದಾರ್ಯಗಳ ಪ್ರಶ್ನೆಯಾಗಿ ಕಾಣುತ್ತದೆ. ಸ್ವಲ್ಪ ಒಳಹೊಕ್ಕು ನೋಡಿದರೆ ಪ್ರಾಣಿಗಳ ನಡವಳಿಕೆ, ಜನರ ಹಂಚಿಕೆ, ತಿಳಿವಳಿಕೆಯ ಸ್ವಭಾವ ಇವೆಲ್ಲವೂ ಇದರಲ್ಲಿ ಹೆಣೆದುಕೊಂಡಿರುವುದು ತಿಳಿಯುತ್ತದೆ. ನಾವು ಇದನ್ನು ಮೆಟ್ಟಿಲು ಮೆಟ್ಟಿಲಾಗಿ ಪರಿಶೀಲಿಸೋಣ.

ಮೊದಲು ಸಾರ್ವಜನಿಕ ಭೂಮಿಯೆಂದರೇನೆಂಬುದನ್ನು ತಿಳಿಯಬೇಕು. ಸಂಯುಕ್ತ ಸಂಸ್ಥಾನದಲ್ಲಿ ಕೇಂದ್ರ ಸರ್ಕಾರದ ಒಡೆತನದಲ್ಲಿರುವ ನೆಲ ಸುಮಾರು 64 ಕೋಟಿ ಎಕರೆ. ಎಂದರೆ ಇಡೀ ಭಾರತದ ವಿಸ್ತೀರ್ಣದ ಐದರಲ್ಲಿ ನಾಲ್ಕು ಪಾಲಿನಷ್ಟು. ಇದರಲ್ಲಿ ಸುಮಾರು 19 ಕೋಟಿ ಎಕರೆ ರಾಷ್ಟ್ರೀಯ ಅರಣ್ಯಗಳಿಗೆ ಸೇರಿದೆ. ರಾಷ್ಟ್ರೀಯ ಉದ್ಯಾನಗಳಲ್ಲಿ ಬಹುಮಟ್ಟಿಗೆ ಬೇಟೆ ನಿಷಿದ್ಧ. ರಾಷ್ಟ್ರೀಯ ಅರಣ್ಯವೇ ಮೊದಲಾದ ಇತರ ಭೂಮಿಯಲ್ಲಿ ಪರವಾನಗಿ ಪಡೆದ ಯಾರೇ ಆಗಲಿ, ಗೊತ್ತುಪಡಿಸಿದ ಋತುವಿನಲ್ಲಿ, ನಿಯಮಕ್ಕೊಳಪಟ್ಟು ಬೇಟೆಯಾಡಬಹುದು. ಅಲ್ಲಿಯ ಜಿಂಕೆಗಳು ಯಾರೊಬ್ಬರ ಸೊತ್ತೂ ಅಲ್ಲ. ಅವುಗಳ ಪಾಲನೆಯ ಹೊಣೆ ಆಯಾ ರಾಜ್ಯಗಳದು. ಬಡವನಾಗಲಿ ಬಲ್ಲಿದನಾಗಲಿ, ಆ ನೆಲದ ಮೇಲೆ ಇಬ್ಬರ ಹಕ್ಕೂ ಒಂದೇ.

'ಹೇಳಬೇಕು' ಎನ್ನುವವರ ವಾದ ಇಲ್ಲಿಂದಲೇ ಆರಂಭವಾಗುತ್ತದೆ. ನೆಲ ಎಲ್ಲರದು, ಪ್ರಾಣಿ ಎಲ್ಲರದು. ಅಂದ ಮೇಲೆ ಅವುಗಳ ತಿಳಿವಳಿಕೆ ಮಾತ್ರ ಒಬ್ಬನದು ಹೇಗಾದೀತು? ತಂದೆ ಅಜ್ಜಂದಿರು ಬೇಟೆಗಾರರಾಗಿದ್ದವನಿಗೆ ನೆಲೆಗಳು ಮನೆಯಲ್ಲಿಯೇ ತಿಳಿಯುತ್ತವೆ. ಪಟ್ಟಣದಲ್ಲಿ ಬೆಳೆದು ಹೊಸದಾಗಿ ಕಲಿಯಬಯಸುವವನಿಗೆ ಹೇಳುವವರು ಯಾರು? ಈ ವಾದಕ್ಕೆ ಹಣದ ಬೆಂಬಲವೂ ಉಂಟು. 1937ರ ಪಿಟ್ಮನ್–ರಾಬರ್ಟ್‌ಸನ್ ಕಾಯಿದೆಯ ಪ್ರಕಾರ ಬಂದೂಕು, ಮದ್ದುಗುಂಡುಗಳ ಮೇಲಿನ ಸುಂಕವು ವನ್ಯಜೀವಿ ಪಾಲನೆಗಾಗಿ ರಾಜ್ಯಗಳಿಗೆ ಹಂಚಿಕೆಯಾಗುತ್ತದೆ. ಯಾವ ರಾಜ್ಯಕ್ಕೆ ಎಷ್ಟೆಂಬುದನ್ನು ನಿಶ್ಚಯಿಸುವಾಗ ಅದರ ವಿಸ್ತೀರ್ಣದ ಜೊತೆಗೆ ಪರವಾನಗಿ ಪಡೆದ ಬೇಟೆಗಾರರ ಸಂಖ್ಯೆಯನ್ನೂ ಗಣಿಸುತ್ತಾರೆ. ಪರವಾನಗಿಯ ಶುಲ್ಕವೂ ಇದೇ ಕೆಲಸಕ್ಕೆ ಸಲ್ಲುತ್ತದೆ. ಆ ದೇಶದ ಸಮೀಕ್ಷೆಗಳಂತೆ 2011ರಲ್ಲಿ 1 ಕೋಟಿ 37 ಲಕ್ಷವಿದ್ದ ಬೇಟೆಗಾರರು 2016ರಲ್ಲಿ 1 ಕೋಟಿ 15 ಲಕ್ಷಕ್ಕೆ ಇಳಿದಿದ್ದರು. ಹೊಸಬರು ಬಾರದಿದ್ದರೆ ಕಾಡನ್ನು ಕಾಯುವ ಹಣವೂ ಬತ್ತುವುದೆಂಬ ಆತಂಕ ಆಧಾರವಿಲ್ಲದ್ದಲ್ಲ.

'ಹೇಳಬಾರದು' ಎನ್ನುವವರ ಮಾತನ್ನು ಅರಿಯಲು ನಮ್ಮ ಮಲೆನಾಡನ್ನೇ ನೆನೆಯಬಹುದು. ಮಳೆ ಹಿಡಿದೊಡನೆ ಅಣಬೆ ಏಳುವ ಹುತ್ತದ ಜಾಗವನ್ನು ಬಲ್ಲವರು ಅದನ್ನು ನೆರೆಮನೆಯವರಿಗೂ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಇಬ್ಬರಿದ್ದರೆ ಗುಟ್ಟು, ಮೂವರಾದರೆ ರಟ್ಟು ಎಂಬುದು ಅವರ ಅನುಭವ. ಅಮೆರಿಕದ ಬೇಟೆಗಾರನೂ ಹಾಗೆಯೇ ಹೇಳುತ್ತಾನೆ: 'ನಾನು ಹತ್ತು ವರ್ಷ ನಡೆದು ಕಂಡುಕೊಂಡ ಕಣಿವೆ ಇದು. ಇಂದು ಒಬ್ಬನಿಗೆ ಹೇಳಿದರೆ ಮುಂದಿನ ವರ್ಷ ಅಲ್ಲಿ ಹತ್ತು ಮೋಟಾರುಗಳು ನಿಂತಿರುತ್ತವೆ.'

ಈ ಎರಡು ವಾದಗಳನ್ನೂ ತೂಗಿ ನೋಡಲು ಒಂದು ಸಣ್ಣ ಲೆಕ್ಕವನ್ನು ಮಾಡೋಣ. 'ಕ' ಮತ್ತು 'ಖ' ಎಂಬ ಎರಡು ಕಣಿವೆಗಳಿವೆ ಎಂದಿಟ್ಟುಕೊಳ್ಳಿ. 'ಕ' ಕಣಿವೆಯಲ್ಲಿ 30 ಜಿಂಕೆಗಳು, 'ಖ' ಕಣಿವೆಯಲ್ಲಿ 10. ಬೇಟೆಗಾರರು ಒಟ್ಟು 20 ಮಂದಿ. 'ಕ' ಕಣಿವೆಯ ಗುಟ್ಟು ಐವರಿಗೆ ಮಾತ್ರ ಗೊತ್ತಿದ್ದರೆ ಅವರಲ್ಲಿ ತಲೆಗೆ 6 ಜಿಂಕೆಗಳ ಅವಕಾಶ. 'ಖ' ಕಣಿವೆಯಲ್ಲಿ ಕಿಕ್ಕಿರಿದ ಉಳಿದ 15 ಮಂದಿಗೆ ತಲೆಗೆ ಒಂದೂ ಇಲ್ಲ. ಗುಟ್ಟಿನಿಂದಾಗುವ ಅನ್ಯಾಯ ಇದು. ಇನ್ನು, ಎರಡು ಕಣಿವೆಗಳ ಸಂಗತಿಯೂ ಎಲ್ಲರಿಗೂ ಚೆನ್ನಾಗಿ ತಿಳಿದಿದೆ ಎನ್ನೋಣ. ಆಗ ಜನ ತಾವಾಗಿಯೇ 15 ಮತ್ತು 5 ಎಂದು ಹಂಚಿಕೊಳ್ಳುವರು. ಎರಡೂ ಕಡೆ ತಲೆಗೆ 2 ಜಿಂಕೆಗಳ ಅವಕಾಶ. ಒಂದು ಕಡೆ ಗುಂಪು ಹೆಚ್ಚಿದರೆ ಅಲ್ಲಿಯ ಲಾಭ ಕುಗ್ಗಿ, ಜನ ಇನ್ನೊಂದು ಕಡೆಗೆ ಸರಿಯುತ್ತಾರೆ. ಪ್ರಾಣಿಗಳು ಮೇವಿನ ನೆಲೆಗಳಲ್ಲಿ ಹೀಗೆಯೇ ಹರಡಿಕೊಳ್ಳುತ್ತವೆಂಬ ಸಿದ್ಧಾಂತವನ್ನು ಫ್ರೆಟ್‌ವೆಲ್ ಮತ್ತು ಲೂಕಸ್ ಎಂಬ ಜೀವವಿಜ್ಞಾನಿಗಳು 1970ರ ಸುಮಾರಿಗೆ ಮಂಡಿಸಿದರು. ಇದಕ್ಕೆ 'ಆದರ್ಶ ಮುಕ್ತ ಹಂಚಿಕೆ' ಎಂದು ಹೆಸರು.

ಮೂರನೆಯ ಸಂದರ್ಭವೊಂದುಂಟು. 'ಕ' ಕಣಿವೆಯೊಂದರ ಹೆಸರನ್ನು ಮಾತ್ರ ಯಾರೋ ಊರಿಗೆಲ್ಲ ಸಾರಿಬಿಟ್ಟರು. 20 ಮಂದಿಯೂ ಅಲ್ಲಿಗೇ ನುಗ್ಗುತ್ತಾರೆ. ತಲೆಗೆ ಒಂದೂವರೆ ಜಿಂಕೆಯಷ್ಟೇ ಅವಕಾಶ. 'ಖ' ಕಣಿವೆಯ 10 ಜಿಂಕೆಗಳನ್ನು ಕೇಳುವವರಿಲ್ಲ. ಪೂರ್ಣ ತಿಳಿವಳಿಕೆ ಜನರನ್ನು ಹರಡುತ್ತದೆ; ಒಂದೇ ಸ್ಥಳದ ಸಾರುವಿಕೆ ಜನರನ್ನು ಒಟ್ಟುಗೂಡಿಸುತ್ತದೆ. ನಿಜಜೀವನದಲ್ಲಿ ನಮಗೆ ಕಾಣುವುದು ಸಾಮಾನ್ಯವಾಗಿ ಈ ಮೂರನೆಯ ಸಂದರ್ಭವೇ. ಚಿತ್ರದೊಂದಿಗೆ ಅಕ್ಷಾಂಶ ರೇಖಾಂಶಗಳನ್ನೂ ಕ್ಷಣಮಾತ್ರದಲ್ಲಿ ಸಾವಿರಾರು ಜನರಿಗೆ ಮುಟ್ಟಿಸುವ ಮೊಬೈಲು, 1878ರ ತಂತಿಗಿಂತ ಎಷ್ಟೋ ಪಾಲು ಬಲವಾದ ಸಾಧನವಾಗಿದೆ.

ಲೆಕ್ಕದಲ್ಲಿ ನಾವು ಜಿಂಕೆಗಳು ಇದ್ದಲ್ಲಿಯೇ ಇರುವುವೆಂದು ಭಾವಿಸಿದೆವು. ಕಾಡಿನಲ್ಲಿ ಹಾಗಿಲ್ಲ. ಆ ದೇಶದ ಪಶ್ಚಿಮ ಭಾಗದಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯುಂಟು. ಇದು ನಮ್ಮ ಕಡವೆಯ ಬಳಗಕ್ಕೆ ಸೇರಿದ್ದು. ಆರೆಗನ್ ರಾಜ್ಯದ ಸ್ಟಾರ್ಕಿ ಎಂಬಲ್ಲಿ ಸುಮಾರು 100 ಚದರ ಕಿಲೋಮೀಟರು ಕಾಡಿಗೆ ಎತ್ತರದ ಬೇಲಿ ಹಾಕಿ, 1989ರಿಂದ ಈ ಪ್ರಾಣಿಗಳ ಕೊರಳಿಗೆ ರೇಡಿಯೋ ಪಟ್ಟಿಗಳನ್ನು ಕಟ್ಟಿ ಅವುಗಳ ಚಲನವಲನವನ್ನು ಅಭ್ಯಾಸ ಮಾಡಿದ್ದಾರೆ. ಮೋಟಾರು ಓಡಾಡುವ ದಾರಿಗಳಿಂದ ಎಲ್ಕ್‌ಗಳು ದೂರ ಸರಿಯುತ್ತವೆಂಬುದು ಅಲ್ಲಿ ಸ್ಪಷ್ಟಪಟ್ಟಿತು. ಮೇವು ಎಷ್ಟೇ ಚೆನ್ನಾಗಿದ್ದರೂ ದಾರಿಯಲ್ಲಿ ಗದ್ದಲವಿದ್ದರೆ ಆ ನೆಲ ಅವುಗಳ ಪಾಲಿಗೆ ಇಲ್ಲದಂತೆಯೇ. ಕೊಲೊರಾಡೊ, ಮಾಂಟಾನ ರಾಜ್ಯಗಳಲ್ಲಿ ಇನ್ನೊಂದು ಸಂಗತಿಯನ್ನೂ ಗಮನಿಸಿದ್ದಾರೆ. ಬೇಟೆಯ ಋತು ಆರಂಭವಾಗಿ ಒತ್ತಡ ಹೆಚ್ಚಿದಂತೆ ಎಲ್ಕ್ ಹಿಂಡುಗಳು ಸಾರ್ವಜನಿಕ ಭೂಮಿಯನ್ನು ಬಿಟ್ಟು, ಬೇಟೆಗೆ ಅವಕಾಶವಿಲ್ಲದ ಖಾಸಗಿ ಜಮೀನುಗಳಿಗೆ ಹೊರಟುಹೋಗುತ್ತವೆ. ಅಲ್ಲಿ ರೈತನ ಹುಲ್ಲು, ಬೇಲಿಗಳಿಗೆ ನಷ್ಟ. ಇತ್ತ ಎಲ್ಲರಿಗೂ ಹಕ್ಕಿರುವ ಕಾಡಿನಲ್ಲಿ ಎಲ್ಕ್‌ಗಳೇ ಇಲ್ಲ. ಎಲ್ಲರಿಗೂ ಸಿಗಲಿ ಎಂದು ಸಾರಿದ ನೆಲೆ ಕೊನೆಗೆ ಯಾರಿಗೂ ಸಿಗದೆ ಹೋಗುತ್ತದೆ.

ಹಾಗಾದರೆ ನೆಲೆಯನ್ನು ಸಾರುವುದರಿಂದ ಇಂದೂ ಒಂದು ಜಾತಿಯೇ ಅಳಿದೀತೇ? ಬೇಟೆಗೆ ಅನುಮತಿಯಿರುವ ಸಾಮಾನ್ಯ ಪ್ರಾಣಿಗಳ ವಿಷಯದಲ್ಲಿ ಆ ಭಯ ಕಡಿಮೆ. 1900ರ ಲೇಸಿ ಕಾಯಿದೆ ಮತ್ತು ರಾಜ್ಯಗಳ ಕಾನೂನುಗಳು ಬೇಟೆಯ ಮಾಂಸದ ವ್ಯಾಪಾರವನ್ನು ಕಟ್ಟಿಹಾಕಿದವು. ಋತು, ತಲೆಗೆ ಇಷ್ಟೇ ಎಂಬ ಮಿತಿ, ಕೆಲವೆಡೆ ಚೀಟಿ ಎತ್ತಿ ಕೊಡುವ ಅನುಮತಿ ಪತ್ರ, ಇವು ಕೊಲ್ಲಬಹುದಾದ ಪ್ರಾಣಿಗಳ ಒಟ್ಟು ಸಂಖ್ಯೆಯನ್ನು ಹತೋಟಿಯಲ್ಲಿಡುತ್ತವೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೆಲವೇ ಲಕ್ಷಕ್ಕೆ ಇಳಿದಿದ್ದ ಬಿಳಿಬಾಲದ ಜಿಂಕೆ ಈಗ ಕೋಟಿಗಳ ಲೆಕ್ಕಕ್ಕೆ ಏರಿರುವುದು ಇಂಥ ನಿಯಮಗಳ ಫಲ. ಪಾರಿವಾಳವನ್ನು ಉಳಿಸಬಹುದಾಗಿದ್ದುದೂ ಗುಟ್ಟಲ್ಲ, ನಿಯಮ. ಆದುದರಿಂದ 'ನಾನು ಬಾಯಿ ಮುಚ್ಚಿಕೊಂಡು ಕಾಡನ್ನು ಉಳಿಸುತ್ತಿದ್ದೇನೆ' ಎಂದು ಹೇಳಿಕೊಳ್ಳುವ ಬೇಟೆಗಾರನ ಮಾತು ಪೂರ್ತಿ ಸರಿಯಲ್ಲ. ಆದರೆ ರಾಜ್ಯದಲ್ಲಿ ಎಷ್ಟು ಪ್ರಾಣಿಗಳನ್ನು ಕೊಲ್ಲಬಹುದೆಂದು ಹೇಳುವ ಕಾನೂನು, ಇಂಥ ಕಣಿವೆಯೊಳಕ್ಕೆ ಇಂದು ಇಷ್ಟೇ ಜನ ಹೋಗಬೇಕೆಂದು ಸಾಮಾನ್ಯವಾಗಿ ಹೇಳುವುದಿಲ್ಲ. ಕಾನೂನು ಮುಟ್ಟದ ಈ ಅಂಶ ಬೇಟೆಗಾರನ ವಿವೇಕಕ್ಕೆ ಉಳಿದಿದೆ.

ಆ ವಿವೇಕಕ್ಕೆ ದಾರಿ ಯಾವುದು? ಹಂಚಿದಷ್ಟೂ ಹೆಚ್ಚುವುದು ವಿದ್ಯೆ ಎಂದು ಹಿರಿಯರು ಹೇಳುತ್ತಾರೆ. ನೆಲೆ ಹಾಗಲ್ಲ, ಹಂಚಿದಷ್ಟೂ ತೆಳುವಾಗುತ್ತದೆ. ಈ ಎರಡನ್ನೂ 'ಗುಟ್ಟು' ಎಂಬ ಒಂದೇ ಮಾತಿನಲ್ಲಿ ಸೇರಿಸಿಬಿಡುವುದೇ ಗೊಂದಲಕ್ಕೆ ಮೂಲವೆಂದು ನಮಗೆ ತೋರುತ್ತದೆ. ಎಲ್ಕ್ ಹಗಲಿನಲ್ಲಿ ಯಾವ ಬಗೆಯ ಇಳಿಜಾರಿನಲ್ಲಿ ಮಲಗುತ್ತದೆ, ಗಾಳಿ ಯಾವ ಹೊತ್ತಿಗೆ ಕಣಿವೆಯನ್ನೇರುತ್ತದೆ, ಹೆಜ್ಜೆಯ ಹಳತು ಹೊಸತನ್ನು ತಿಳಿಯುವುದು ಹೇಗೆ, ಭೂಪಟವನ್ನು ಓದುವುದು ಹೇಗೆ, ಇವೆಲ್ಲ ವಿದ್ಯೆ. ಇದನ್ನು ನೂರು ಜನ ಕಲಿತರೆ ನೂರು ಕಡೆಗೆ ಹರಡುತ್ತಾರೆ. ನೂರು ಜನರಿಗೆ ಒಂದೇ ಕಣಿವೆಯ ಅಕ್ಷಾಂಶ ರೇಖಾಂಶವನ್ನು ಕೊಟ್ಟರೆ ನೂರು ಜನವೂ ಅಲ್ಲಿಯೇ ನಿಲ್ಲುತ್ತಾರೆ. ರಾಜ್ಯಗಳ ವನ್ಯಜೀವಿ ಇಲಾಖೆಗಳು ಈ ವ್ಯತ್ಯಾಸವನ್ನು ಒಂದು ರೀತಿಯಲ್ಲಿ ಪಾಲಿಸುತ್ತಿವೆ. ವಿಶಾಲವಾದ ಬೇಟೆಯ ವಿಭಾಗಗಳಲ್ಲಿ ಯಾವುದರಲ್ಲಿ ಎಷ್ಟು ಬೇಟೆ ಸಿಕ್ಕಿತೆಂಬ ಅಂಕಿಗಳನ್ನು ಅವು ವರ್ಷವರ್ಷವೂ ಎಲ್ಲರಿಗಾಗಿ ಪ್ರಕಟಿಸುತ್ತವೆ. ಹಿಂಡು ನಿಂತ ಮರದ ಗುರುತನ್ನು ಹೇಳುವುದಿಲ್ಲ.

ಹೀಗಿರುವಾಗ ಅನುಭವಿ ಬೇಟೆಗಾರನಿಂದ ನಾವು ನಿರೀಕ್ಷಿಸಬಹುದಾದುದು ಇಷ್ಟು: ವಿದ್ಯೆಯನ್ನು ಕೇಳಿದವರಿಗೆಲ್ಲ ಕೊಡಲಿ, ಹೊಸಬನೊಬ್ಬನನ್ನು ಜೊತೆಯಲ್ಲಿ ಕರೆದೊಯ್ದು ನಡೆಸಿ ತೋರಿಸಲಿ, ನೆಲೆಯನ್ನು ಮಾತ್ರ ಊರಿಗೆಲ್ಲ ಡಂಗುರ ಸಾರದಿರಲಿ. ನಡೆದು ಕಲಿತವನಿಗೆ ಆ ಕಣಿವೆಯ ಮೇಲೆ ಗೌರವ ಹುಟ್ಟುತ್ತದೆ. ಜೊತೆಗೆ ಬಂದವನೂ ತನಗೆ ತೋರಿಸಿದ ನೆಲೆಯನ್ನು ತೋರಿಸಿದವನ ಅನುಮತಿಯಿಲ್ಲದೆ ಮೂರನೆಯವನಿಗೆ ಹೇಳಬಾರದು. ಇದರೊಂದಿಗೆ ಒಂದು ಎಚ್ಚರಿಕೆಯೂ ಸಲ್ಲತಕ್ಕದ್ದು. ಎಷ್ಟೇ ಗುಟ್ಟಿನ ನೆಲೆಯಾದರೂ ಮನೆಯವರೊಬ್ಬರಿಗೆ ತಿಳಿಸದೆ ಕಾಡಿಗೆ ಹೋಗಬಾರದು. ಹಿಮದಲ್ಲಿ ಕಾಲು ಮುರಿದು ಬಿದ್ದವನಿಗೆ ಅವನ ಗುಟ್ಟೇ ಶತ್ರುವಾದೀತು.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ಅದರ ತಿದ್ದುಪಡಿಗಳ ಮೂಲಕ ವಿನೋದದ ಬೇಟೆ ನಿಷಿದ್ಧವಾಗಿದೆ. ಹಾಗೆಂದು ಈ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ. ಇಂದಿನ ವಿದ್ಯಾರ್ಥಿ ಬಂದೂಕಿನ ಬದಲು ಕ್ಯಾಮೆರಾ ಹಿಡಿದು ಹೊರಡುತ್ತಾನೆ. ಗೂಬೆಯ ಗೂಡನ್ನೋ ಅಪರೂಪದ ಸೀತಾಳೆ ಹೂವನ್ನೋ ಕಂಡರೆ ಸ್ಥಳದ ಹೆಸರಿನೊಂದಿಗೆ ಚಿತ್ರವನ್ನು ಪ್ರಕಟಿಸುತ್ತಾನೆ. ಇಲ್ಲಿ ಪಣಕ್ಕಿಟ್ಟಿರುವುದು ಬೇಟೆಗಾರನ ಒಂದು ಋತುವಲ್ಲ. ಆ ಜೀವಿಯ ಸಂತತಿಯೇ ಆಗಿರಬಹುದು. ದಕ್ಷಿಣ ಚೀನ ಮತ್ತು ವಿಯೆಟ್ನಾಮಿನ ಗುಹೆಗಳಲ್ಲಿ ವಾಸಿಸುವ ಒಂದು ಬಗೆಯ ಹಲ್ಲಿಯನ್ನು 1999ರಲ್ಲಿ ವಿಜ್ಞಾನಿಗಳು ಹೊಸ ಜಾತಿಯೆಂದು ವರ್ಣಿಸಿ, ಸಿಕ್ಕ ಸ್ಥಳವನ್ನೂ ತಿಳಿಸಿದರು. ಸಾಕುಪ್ರಾಣಿಗಳ ವ್ಯಾಪಾರಕ್ಕಾಗಿ ಹಿಡಿಯುವವರು ಅಲ್ಲಿಗೆ ಧಾವಿಸಿ, ಆ ಸ್ಥಳದಲ್ಲಿ ಅದು ಇಲ್ಲದಂತೆ ಮಾಡಿದರು. ಇಂಥ ಅನುಭವಗಳಿಂದ ಎಚ್ಚೆತ್ತು, ಹೊಸ ಜೀವಿಗಳನ್ನು ವರ್ಣಿಸುವ ಕೆಲವು ವಿಜ್ಞಾನಿಗಳು ಸ್ಥಳದ ನಿಖರ ವಿವರವನ್ನು ಬಿಟ್ಟು ಬರೆಯತೊಡಗಿದ್ದಾರೆ. ಹಕ್ಕಿಗಳನ್ನು ಕಂಡವರೆಲ್ಲ ದಾಖಲಿಸುವ ಇ-ಬರ್ಡ್ ಎಂಬ ವ್ಯವಸ್ಥೆಯೂ 2017ರಿಂದ ಅಪಾಯದಲ್ಲಿರುವ ಕೆಲವು ಹಕ್ಕಿಗಳ ನಿಖರ ನೆಲೆಯನ್ನು ಸಾರ್ವಜನಿಕರಿಗೆ ತೋರಿಸದೆ, ವಿಸ್ತಾರವಾದ ಚೌಕವೊಂದನ್ನು ಮಾತ್ರ ತೋರಿಸುತ್ತದೆ. ದಾಖಲೆ ಉಳಿಯುತ್ತದೆ, ಗೂಡೂ ಉಳಿಯುತ್ತದೆ.

ಪೆಟಾಸ್ಕಿಯ ಕಾಡಿನಿಂದ ತಂತಿ ಕಳುಹಿಸಿದವನು ಕೇಡನ್ನು ಬಯಸಿರಲಾರ. ಕಂಡುದನ್ನು ತಿಳಿಸಿದನು, ಅಷ್ಟೆ. ಅವನಿಗೆ ಇಲ್ಲದಿದ್ದ ಒಂದು ಅನುಕೂಲ ನಮಗಿದೆ: ಮುಂದೇನಾಯಿತೆಂಬುದನ್ನು ನಾವು ಬಲ್ಲೆವು. ಮುಂದಿನ ಸಲ ಕಾಡಿನಲ್ಲಿ ಅಪೂರ್ವವಾದುದೊಂದು ಕಣ್ಣಿಗೆ ಬಿದ್ದಾಗ, ಅದನ್ನು ಹೇಗೆ ಕಂಡೆವೆಂಬುದನ್ನು ಎಲ್ಲರಿಗೂ ಕಲಿಸೋಣ. ಎಲ್ಲಿ ಕಂಡೆವೆಂಬುದನ್ನು ಹೇಳುವ ಮುನ್ನ ಒಂದು ಕ್ಷಣ ಯೋಚಿಸೋಣ.