ನೆಲ ನಡುಗಿದಾಗ ವಿಜ್ಞಾನಿ ಸುಮ್ಮನಿರಬಾರದು

ಆಫ್ರಿಕಾ ಖಂಡಕ್ಕೂ ಮಡಗಾಸ್ಕರ್‌ಗೂ ನಡುವೆ, ಹಿಂದೂ ಮಹಾಸಾಗರದಲ್ಲಿ ಮಾಯೋಟ್ ಎಂಬ ಪುಟ್ಟ ದ್ವೀಪವಿದೆ. ಆಡಳಿತ ಫ್ರಾನ್ಸಿನದು. 2018ರ ಮೇ 10ರಂದು ಅಲ್ಲಿ ನೆಲ ಅದುರತೊಡಗಿತು. ಐದು ದಿನ ಕಳೆಯುವಷ್ಟರಲ್ಲಿ 5.9 ತೀವ್ರತೆಯ ಭೂಕಂಪವೇ ಆಯಿತು. ಆಮೇಲೂ ತಿಂಗಳುಗಟ್ಟಲೆ ಅದುರಾಟ ನಿಲ್ಲಲಿಲ್ಲ. ನವೆಂಬರ್ 11ರಂದು ಮಾತ್ರ ಯಾರ ಕಾಲಿಗೂ ತಿಳಿಯದಂಥ ವಿಚಿತ್ರವೊಂದು ನಡೆಯಿತು. ಸುಮಾರು 17 ಸೆಕೆಂಡಿಗೊಮ್ಮೆ ಏರಿಳಿಯುವ, ಒಂದೇ ಲಯದ ಅಲೆಯೊಂದು ಮಾಯೋಟ್ ಕಡೆಯಿಂದ ಹೊರಟು ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಭೂಮಿಯ ಉದ್ದಗಲಕ್ಕೆ ಹರಿಯಿತು. ಸಾಮಾನ್ಯ ಭೂಕಂಪದಲ್ಲಿ ಹತ್ತಾರು ಬಗೆಯ ಅಲೆಗಳು ಕಲಸಿಕೊಂಡಿರುತ್ತವೆ. ಇಷ್ಟು ಶುದ್ಧವಾದ ಲಯ ಅಪರೂಪ. ಇದನ್ನು ಕಂಡು ಹೇಳಿದ್ದು ಯಾವ ಸಂಸ್ಥೆಯೂ ಅಲ್ಲ, ಭೂಕಂಪಗಳ ಬಗ್ಗೆ ಆಸಕ್ತಿಯಿದ್ದ ಒಬ್ಬ ಹವ್ಯಾಸಿ. ಆಫ್ರಿಕಾದ ಕಂಪನಮಾಪಕಗಳ ಗೆರೆಗಳು ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡುವಂತೆ ತೆರೆದಿದ್ದವು. ಆ ವ್ಯಕ್ತಿ ಅಲ್ಲಿ ಕಂಡದ್ದನ್ನು ಟ್ವಿಟರ್‌ನಲ್ಲಿ ಹಾಕಿದ ಮೇಲೆ ಹಲವು ದೇಶಗಳ ಭೂಕಂಪ ತಜ್ಞರು ಅದನ್ನು ಎಲ್ಲರೆದುರೇ ಬಿಡಿಸಿ ನೋಡತೊಡಗಿದರು. ದ್ವೀಪದ ಜಿಪಿಎಸ್ ಕೇಂದ್ರಗಳು ಇಡೀ ಮಾಯೋಟ್ ಪೂರ್ವಕ್ಕೆ ಸರಿಯುತ್ತ ಕುಸಿಯುತ್ತಿರುವುದನ್ನು ತೋರಿಸುತ್ತಿದ್ದವು. ಆಳದಲ್ಲಿ ತುಂಬಿದ್ದ ಶಿಲಾಪಾಕ ಬರಿದಾಗುತ್ತಿದೆ ಎಂಬ ಊಹೆ ಗಟ್ಟಿಯಾಗುತ್ತ ಬಂತು. 2019ರ ಮೇ ತಿಂಗಳಲ್ಲಿ ಫ್ರಾನ್ಸಿನ ಸಂಶೋಧನಾ ಹಡಗು ಅಲ್ಲಿಗೆ ಹೋದಾಗ, ದ್ವೀಪದಿಂದ ಪೂರ್ವಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿ, 3,500 ಮೀಟರ್ ಆಳದ ಕಡಲತಳದ ಮೇಲೆ 800 ಮೀಟರ್ ಎತ್ತರದ ಹೊಸ ಜ್ವಾಲಾಮುಖಿ ಎದ್ದುನಿಂತಿತ್ತು.

ವಿಜ್ಞಾನ ಹೀಗೆ ಬೀದಿಯಲ್ಲಿ ನಡೆಯಬೇಕೇ ಎಂಬ ಪ್ರಶ್ನೆ ಅನೇಕ ಹಿರಿಯ ವಿಜ್ಞಾನಿಗಳದ್ದು. ಅದು ಹಗುರಾಗಿ ತಳ್ಳಿಹಾಕುವ ಪ್ರಶ್ನೆಯೂ ಅಲ್ಲ. ಸಂಶೋಧನೆ ಪೂರ್ತಿಯಾಗಿ, ಪ್ರಬಂಧವಾಗಿ, ಬೇರೆ ತಜ್ಞರ ಪರಿಶೀಲನೆ ದಾಟಿ ಬಂದ ಮೇಲೆ ಜನರಿಗೆ ತಿಳಿಸುವುದು ರೂಢಿ. ಆದರೆ ಆ ದಾರಿ ಸವೆಯಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕು. ಭೂಕಂಪವಾದ ಊರಿನವರು ಅಷ್ಟು ದಿನ ಕಾಯಲಾರರು. ಈ ರಾತ್ರಿ ಮನೆಯೊಳಗೆ ಮಲಗಬಹುದೇ ಎಂಬುದು ಅವರ ಪ್ರಶ್ನೆ. ಆದ್ದರಿಂದ ಮೊದಲ ಗಂಟೆಗಳಲ್ಲಿ ವಿಜ್ಞಾನಿ ತನಗೆ ಗೊತ್ತಿರುವಷ್ಟನ್ನು, ಅದು ಅರೆಬರೆಯಾಗಿದ್ದರೆ ಅರೆಬರೆ ಎಂದೇ ಹೇಳಿ, ಜನರ ಮುಂದಿಡುವುದು ಅವನ ಕೆಲಸದ ಭಾಗ ಎಂದು ನಾನು ವಾದಿಸುತ್ತೇನೆ.

ಅವಸರದಲ್ಲಿ ತಪ್ಪಾಗುವುದಿಲ್ಲವೇ? ಆಗುತ್ತದೆ. ಮೊದಲು 6.1 ಎಂದು ಹೇಳಿದ ತೀವ್ರತೆ ಸಂಜೆಗೆ 6.4 ಆದರೆ ಜನ ಅನುಮಾನ ಪಡುತ್ತಾರೆ. ಆದರೆ ಕಾರಣ ಸರಳ. ಮೊದಲ ಲೆಕ್ಕ ಹತ್ತಿರದ ಕೆಲವೇ ಕೇಂದ್ರಗಳಿಗೆ ತಲುಪಿದ ಮೊದಲ ಅಲೆಗಳದ್ದು. ದೂರದ ಕೇಂದ್ರಗಳಿಗೆ ನಿಧಾನಗತಿಯ ದೊಡ್ಡ ಅಲೆಗಳು ಬಂದ ಮೇಲಷ್ಟೇ ಪೂರ್ತಿ ಚಿತ್ರ ಸಿಗುತ್ತದೆ. ಇದನ್ನು ಎರಡು ಸಾಲಿನಲ್ಲಿ ವಿವರಿಸಿದರೆ ಅನುಮಾನ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಜೊತೆಗೆ, ಬಹಿರಂಗವಾಗಿ ಆಡಿದ ತಪ್ಪನ್ನು ತಿದ್ದಲು ಬಹಿರಂಗವಾಗಿಯೇ ಹತ್ತು ಜನ ಇರುತ್ತಾರೆ. 2018ರ ಸೆಪ್ಟೆಂಬರ್ 28ರಂದು ಇಂಡೋನೇಷ್ಯಾದ ಸುಲಾವೆಸಿ ದ್ವೀಪದ ಪಾಲು ನಗರವನ್ನು 7.5 ತೀವ್ರತೆಯ ಭೂಕಂಪವೂ ಸುನಾಮಿಯೂ ಹೊಡೆದು ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಅಲ್ಲಿ ಭೂಪದರದ ಬಿರುಕಿನ ಎರಡು ಬದಿಗಳು ಅಡ್ಡಡ್ಡಲಾಗಿ ಸರಿದಿದ್ದವು. ಹಾಗೆ ಸರಿದರೆ ಕಡಲತಳ ಮೇಲೇಳುವುದು ಕಡಿಮೆ, ಹಾಗಾಗಿ ದೊಡ್ಡ ಸುನಾಮಿಯನ್ನು ಯಾರೂ ನಿರೀಕ್ಷಿಸುವುದಿಲ್ಲ. ಮತ್ತೆ ಇದೆಲ್ಲಿಂದ ಬಂತು? ಕೊಲ್ಲಿಯ ದಡಗಳು ನೀರಿನೊಳಕ್ಕೆ ಜರಿದವೇ, ಕಿರಿದಾದ ಕೊಲ್ಲಿ ಅಲೆಯನ್ನು ಎತ್ತರಿಸಿತೇ ಎಂಬ ಚರ್ಚೆ ಟ್ವಿಟರ್‌ನಲ್ಲಿ ಕೂಡಲೇ ಶುರುವಾಯಿತು. ಭೂಕಂಪಕ್ಕೆ ಮುಂಚಿನ ಮತ್ತು ನಂತರದ ಉಪಗ್ರಹ ಚಿತ್ರಗಳನ್ನು ಹೋಲಿಸಿ, ನೆಲ ಎಲ್ಲಿ ಎಷ್ಟು ಮೀಟರ್ ಸರಿದಿದೆ ಎಂಬ ನಕ್ಷೆಗಳನ್ನು ತಜ್ಞರು ಹಂಚಿಕೊಂಡರು. ಬಿರುಕು ಸೆಕೆಂಡಿಗೆ ನಾಲ್ಕು ಕಿಲೋಮೀಟರ್‌ಗೂ ಮಿಕ್ಕ ವೇಗದಲ್ಲಿ ಓಡಿತ್ತೆಂಬುದು ಮುಂದೆ ಪ್ರಬಂಧಗಳಲ್ಲಿ ಸ್ಥಿರಪಟ್ಟಿತು. ಫ್ರಾನ್ಸಿನ ಭೂವಿಜ್ಞಾನಿ ರೊಬಿನ್ ಲಕಾಸಿನ್ ಮತ್ತು ಸಂಗಡಿಗರು ಪಾಲು ಮತ್ತು ಮಾಯೋಟ್ ಎರಡರ ಟ್ವಿಟರ್ ಚರ್ಚೆಗಳನ್ನೂ ಪರಿಶೀಲಿಸಿ 2020ರಲ್ಲಿ ಪ್ರಬಂಧ ಪ್ರಕಟಿಸಿದರು. ಘಟನೆಯಾದ ನಿಮಿಷ, ಗಂಟೆ, ದಿನಗಳೊಳಗೆ ಅಲ್ಲಿ ತಿಳಿವಳಿಕೆ ಬಹುಬೇಗ ಕಟ್ಟಿಕೊಂಡಿತು ಎಂಬುದು ಅವರ ನಿರ್ಣಯ.

ಇನ್ನು ಹೆದರಿಕೆಯ ಮಾತು. ವಿಜ್ಞಾನಿ ಬಾಯಿಬಿಟ್ಟರೆ ಜನ ಗಾಬರಿಯಾಗುತ್ತಾರೆ, ನಾಳೆ ಅವನನ್ನೇ ಕೋರ್ಟಿಗೆಳೆಯುತ್ತಾರೆ ಎನ್ನುವವರು ಇಟಲಿಯ ಲಾಕ್ವಿಲಾ ಕಡೆ ಬೆರಳು ತೋರಿಸುತ್ತಾರೆ. 2009ರ ಏಪ್ರಿಲ್ 6ರಂದು ಅಲ್ಲಿ 6.3 ತೀವ್ರತೆಯ ಭೂಕಂಪವಾಗಿ 309 ಜನ ಸತ್ತರು. 2012ರಲ್ಲಿ ಆರು ವಿಜ್ಞಾನಿಗಳಿಗೂ ಒಬ್ಬ ಅಧಿಕಾರಿಗೂ ತಲಾ ಆರು ವರ್ಷ ಶಿಕ್ಷೆಯಾಯಿತು. ಪ್ರಕರಣವನ್ನು ಹತ್ತಿರದಿಂದ ನೋಡಿದರೆ ಪಾಠ ಬೇರೆಯೇ ಇದೆ. ದೊಡ್ಡ ಭೂಕಂಪಕ್ಕೆ ಮುಂಚೆ ತಿಂಗಳುಗಟ್ಟಲೆ ಸಣ್ಣ ಕಂಪನಗಳಾಗಿದ್ದವು. ಆಗ ಆ ಅಧಿಕಾರಿ, ಶಕ್ತಿ ಸ್ವಲ್ಪಸ್ವಲ್ಪವೇ ಹೊರಹೋಗುತ್ತಿರುವುದು ಒಳ್ಳೆಯ ಲಕ್ಷಣ ಎಂಬರ್ಥದಲ್ಲಿ ಟಿವಿಯಲ್ಲಿ ಸಮಾಧಾನ ಹೇಳಿದ್ದರು. ಇದೇ ನಂಬಿಕೆ ನಮ್ಮಲ್ಲೂ ಇದೆ, ಮತ್ತು ಅದು ತಪ್ಪು. ತೀವ್ರತೆ ಒಂದಂಕಿ ಏರಿದರೆ ಹೊರಬೀಳುವ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. 6 ತೀವ್ರತೆಯ ಒಂದು ಭೂಕಂಪದ ಶಕ್ತಿ ಕರಗಬೇಕಾದರೆ 4 ತೀವ್ರತೆಯವು ಸಾವಿರದಷ್ಟು ಆಗಬೇಕು. ಮೇಲ್ಮನವಿಯಲ್ಲಿ ಆರೂ ವಿಜ್ಞಾನಿಗಳು ಖುಲಾಸೆಯಾದರು. ಅಧಿಕಾರಿಯ ಶಿಕ್ಷೆ ಎರಡು ವರ್ಷಕ್ಕಿಳಿದು, 2015ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲೂ ಅದು ಉಳಿಯಿತು. ಸಾಕಷ್ಟು ಆಧಾರವಿಲ್ಲದೆ ಕೊಟ್ಟ ಧೈರ್ಯ ಅಲ್ಲಿ ಅಪಾಯವಾಯಿತು. ಆ ಸಮಾಧಾನದ ಮಾತನ್ನು ತಜ್ಞರು ಅಂದೇ, ಎಲ್ಲರಿಗೂ ಕೇಳುವಂತೆ ಪ್ರಶ್ನಿಸಿದ್ದರೆ ಊರಿನವರ ಮುಂದೆ ಇನ್ನೊಂದು ದನಿಯಾದರೂ ಇರುತ್ತಿತ್ತು.

ತಜ್ಞರು ಬಿಟ್ಟ ಜಾಗ ಖಾಲಿಯೂ ಉಳಿಯುವುದಿಲ್ಲ. 2023ರ ಫೆಬ್ರವರಿ 6ರಂದು ಟರ್ಕಿ ಮತ್ತು ಸಿರಿಯಾದಲ್ಲಿ 7.8 ತೀವ್ರತೆಯ ಭೂಕಂಪವಾಗುವ ಮೂರು ದಿನ ಮೊದಲು, ಗ್ರಹಗಳ ಸ್ಥಾನ ನೋಡಿ ಭೂಕಂಪ ಹೇಳುತ್ತೇನೆನ್ನುವ ನೆದರ್‌ಲ್ಯಾಂಡ್ಸ್‌ನ ಒಬ್ಬಾತ ಆ ಪ್ರದೇಶದ ಹೆಸರೆತ್ತಿ, ಇಂದೋ ಮುಂದೋ ಭೂಕಂಪವಾಗುತ್ತದೆ ಎಂದು ಬರೆದಿದ್ದ. ಅಂಥ ಮಾತು ಭವಿಷ್ಯವಾಣಿಯಲ್ಲ. ದಿನ, ಜಾಗ, ತೀವ್ರತೆ ಮೂರನ್ನೂ ಖಚಿತವಾಗಿ ಮೊದಲೇ ಹೇಳುವ ವಿಧಾನ ಇಂದಿಗೂ ಯಾರ ಬಳಿಯೂ ಇಲ್ಲ. ಆದರೂ ಆ ಬರಹ ಕೋಟಿಗಟ್ಟಲೆ ಜನರನ್ನು ಮುಟ್ಟಿತು. ಆ ಭೂಕಂಪಕ್ಕೆ ಕಾರಣವಾದ ಭೂಪದರದ ಬಿರುಕಿನ ಬಗ್ಗೆ ವರ್ಷಗಳಿಂದ ಎಚ್ಚರಿಸುತ್ತಿದ್ದ ಟರ್ಕಿಯ ಭೂವಿಜ್ಞಾನಿ ನಾಜಿ ಗೊರೂರ್ ಅವರ ಮಾತು ದೇಶದ ಹೊರಗೆ ಅಷ್ಟಾಗಿ ಕೇಳಿಸಲಿಲ್ಲ.

ನನ್ನ ವಾದಕ್ಕೆ ನಿಜವಾದ ತೊಡಕು ಬೇರೊಂದು ಕಡೆಯಿದೆ. ಟ್ವಿಟರ್‌ನಲ್ಲಿ ತಜ್ಞರು ಇಂಗ್ಲಿಷ್, ಫ್ರೆಂಚ್‌ಗಳಲ್ಲಿ ಚರ್ಚಿಸುತ್ತಿದ್ದಾಗ ಮಾಯೋಟ್ ಜನ ಫೇಸ್‌ಬುಕ್‌ನಲ್ಲಿದ್ದರು. ಮನೆಯಲ್ಲಿ ಹೆಚ್ಚಿನವರ ಮಾತು ಶಿಮಾವೊರೆ. ಅಧಿಕೃತ ಮಾಹಿತಿ ಸಾಲದೆಂದು ಅವರೇ ಗುಂಪು ಕಟ್ಟಿಕೊಂಡು, ಯಾವ ಊರಲ್ಲಿ ಎಷ್ಟು ಹೊತ್ತಿಗೆ ಅದುರಿತು ಎಂದು ಬರೆದಿಟ್ಟುಕೊಳ್ಳತೊಡಗಿದ್ದರು. ತೆರೆದ ವಿಜ್ಞಾನ ಜಗತ್ತಿಗೆಲ್ಲ ಕಂಡರೂ ನಡುಗುವ ನೆಲದ ಮೇಲಿದ್ದವರಿಗೆ ತಡವಾಗಿ, ಅಷ್ಟಿಷ್ಟು ಸಿಕ್ಕಿತು. ವೇದಿಕೆಯೂ ಖಾಸಗಿಯವರದ್ದು. 2023ರಲ್ಲಿ ಟ್ವಿಟರ್ ತನ್ನ ಉಚಿತ ದತ್ತಾಂಶ ಸೌಲಭ್ಯವನ್ನು ನಿಲ್ಲಿಸಿತು. ಹಲವು ತಜ್ಞರು ಮ್ಯಾಸ್ಟೊಡಾನ್, ಬ್ಲೂಸ್ಕೈ ಎಂಬ ಬೇರೆ ಜಾಲತಾಣಗಳಿಗೆ ಚದುರಿಹೋದರು. ಮೂಲ ಮಾಹಿತಿ ಸಾರ್ವಜನಿಕ ಸಂಸ್ಥೆಗಳ ತಾಣದಲ್ಲೇ ಇರಬೇಕು, ಜಾಲತಾಣ ಅದನ್ನು ಸಾರುವ ಡಂಗುರವಷ್ಟೇ ಆಗಬೇಕು.

ಭಾಷೆಯ ಈ ಕೊರತೆ ನಮ್ಮದೂ ಹೌದು. 2021ರಲ್ಲಿ ಕಲಬುರಗಿ ಜಿಲ್ಲೆ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ಮತ್ತೆಮತ್ತೆ ಭೂಮಿ ಕಂಪಿಸಿ, ಭಾರೀ ಸದ್ದು ಕೇಳಿ ಜನ ಊರು ಬಿಡತೊಡಗಿದ್ದರು. 1993ರ ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪ ದುರಂತ ನಡೆದದ್ದು ಅಲ್ಲಿಂದ ಬಹಳ ದೂರವೇನಲ್ಲ. ತೀವ್ರತೆ, ಆಳ, ಕೇಂದ್ರಬಿಂದು ಎಂಬ ಮೂರು ಅಂಕಿಗಳಿಂದ ಅವರ ಆತಂಕ ತಗ್ಗುವಂತಿರಲಿಲ್ಲ. ಸದ್ದೇಕೆ ಎಂಬುದಕ್ಕೆ ಕನ್ನಡದಲ್ಲಿ ನಾಲ್ಕು ಸಾಲಿನ ಉತ್ತರ ಸಾಕು: ಕೇಂದ್ರ ನೆಲದ ಮೇಲ್ಮೈಗೆ ಹತ್ತಿರವಿದ್ದಾಗ ಮೊದಲು ತಲುಪುವ ವೇಗದ ಅಲೆಗಳು ಗಾಳಿಗೆ ದಾಟಿ ಗುಡುಗಿನಂತೆ ಕೇಳಿಸುತ್ತವೆ, ಕಂಪನ ಸಣ್ಣದಿದ್ದರೂ ಸದ್ದು ದೊಡ್ಡದಿರಬಹುದು, ಸದ್ದನ್ನು ಕೇಳಿ ಮುಂದಿನದನ್ನು ಊಹಿಸಲಾಗದು, ಮಣ್ಣಿನ ಗಾರೆಯಲ್ಲಿ ಕಲ್ಲು ಪೇರಿಸಿ ಕಟ್ಟಿದ ಮನೆಯಾದರೆ ಸದ್ಯಕ್ಕೆ ಹೊರಗೆ ಮಲಗುವುದು ಲೇಸು, ಏಕೆಂದರೆ ಕಿಲ್ಲಾರಿಯಲ್ಲಿ ಜನರನ್ನು ಕೊಂದದ್ದು ಅಂಥ ಗೋಡೆಗಳು.