ಗಾಂಧಿನಗರಕ್ಕೆ ಹೊರಟ ಕಥೆಗಾರರೇ, ಮೊದಲು ಅಬಚೂರಿಗೆ ಹೋಗಿ ಬನ್ನಿ!

'ಒಂದು ಸೂಪರ್ ಕಥೆ ಇದೆ ಸಾರ್, ಹತ್ತೇ ನಿಮಿಷ ಕೇಳಿ...'

ಗಾಂಧಿನಗರದ ಹೋಟೆಲುಗಳಲ್ಲಿ ಈ ಮಾತು ನನ್ನ ಕಿವಿಗೆ ಎಷ್ಟು ಸಲ ಬಿದ್ದಿದೆಯೋ ಲೆಕ್ಕವಿಲ್ಲ. ಹೇಳುವವನು ರಾತ್ರಿ ಬಸ್ಸಲ್ಲಿ ಬಂದಿಳಿದ ಹುಡುಗ. ಕಣ್ಣಲ್ಲಿ ನಿದ್ದೆ, ಎದುರಿಗೆ ಆರಿದ ಕಾಫಿ. ಕಥೆಯೆಲ್ಲ ಬಾಯಲ್ಲೇ, ಕಾಗದದ ಮೇಲೆ ಒಂದಕ್ಷರವೂ ಇಲ್ಲ! ನಾಳೆ ಅದೇ ಕಥೆ ಬೇರೆಯವರ ಹೆಸರಲ್ಲಿ ತೆರೆಗೆ ಬಂದರೆ ಈ ಬಡಪಾಯಿ ಯಾರ ಮುಂದೆ ಹೋಗಿ ಅಳಬೇಕು? 1957ರ ಕೃತಿಸ್ವಾಮ್ಯ ಕಾಯಿದೆ ಕಾಯುವುದು ಬರೆದಿಟ್ಟ ಕಥೆಯನ್ನು, ಬರೀ ಐಡಿಯಾವನ್ನಲ್ಲ.

ಅದಕ್ಕೇ ನಾನು ಹೇಳೋದು: ಮೊದಲು ಬರೆದು ಕಥಾಸ್ಪರ್ಧೆಗೆ ಕಳಿಸ್ರಪ್ಪಾ!

'ಸ್ಪರ್ಧೆಗೂ ಸಿನಿಮಾಕ್ಕೂ ಏನ್ರೀ ಸಂಬಂಧ?' ಅಂತೀರಾ? ಪೂರ್ಣಚಂದ್ರ ತೇಜಸ್ವಿಯವರನ್ನೇ ತಗೊಳ್ಳಿ. ಕುವೆಂಪು ಮಗ. ಆದರೂ 'ಲಿಂಗ ಬಂದ' ಕಥೆಗೆ ಪ್ರಜಾವಾಣಿಯ ಕಥಾಸ್ಪರ್ಧೆಯಲ್ಲಿ ಬಹುಮಾನ ಪಡೆದೇ ಹೆಸರಾದವರು. ಮುಂದೆ ಬಂತು ಅವರ ಕಥಾಸಂಕಲನ 'ಅಬಚೂರಿನ ಪೋಸ್ಟಾಫೀಸು'. ಅದೊಂದೇ ಪುಸ್ತಕದ ಕಥೆಗಳಿಂದ ಎಷ್ಟು ಚಿತ್ರ ಹುಟ್ಟಿದವು ಗೊತ್ತೇ? ನಾಲ್ಕು! ಪುಸ್ತಕದ ಹೆಸರಿನ ಕಥೆಯನ್ನು 1973ರಲ್ಲಿ ಎನ್. ಲಕ್ಷ್ಮೀನಾರಾಯಣ್ ತೆರೆಗೆ ತಂದರು. 'ತಬರನ ಕಥೆ'ಗೆ ಗಿರೀಶ್ ಕಾಸರವಳ್ಳಿ ಕೈಹಾಕಿದರು. 1986ರ ಸ್ವರ್ಣಕಮಲ ಕನ್ನಡಕ್ಕೆ, ಶ್ರೇಷ್ಠ ನಟ ಪ್ರಶಸ್ತಿ ಚಾರುಹಾಸನ್‌ಗೆ! 'ಕುಬಿ ಮತ್ತು ಇಯಾಲ' ಸದಾನಂದ ಸುವರ್ಣರ ಪಾಲಾಯಿತು. 'ಡೇರ್‌ಡೆವಿಲ್ ಮುಸ್ತಾಫಾ' ಬಂದದ್ದು 2023ರಲ್ಲಿ. ತೇಜಸ್ವಿ ತೀರಿಕೊಂಡದ್ದು 2007ರಲ್ಲಿ! ದುಡ್ಡು ಹಾಕಿದವರು ಯಾವ ಸಾಹುಕಾರರೂ ಅಲ್ಲ, ಅವರ ಓದುಗರು. ಬಾಯಲ್ಲಿ ಹೇಳಿದ ಕಥೆಯಾಗಿದ್ದರೆ ಅಷ್ಟು ವರ್ಷ ಬದುಕುತ್ತಿತ್ತೇ?

ಕುಂ. ವೀರಭದ್ರಪ್ಪನವರ 'ಕೊಟ್ರೇಶಿ ಕನಸು' ಕೂಡ ಮೊದಲು ಅಚ್ಚಾದ ಸಣ್ಣಕಥೆಯೇ. ಅದನ್ನು 1994ರಲ್ಲಿ ಚಿತ್ರ ಮಾಡಿದ ನಾಗತಿಹಳ್ಳಿ ಚಂದ್ರಶೇಖರ್ ಸ್ವತಃ ಕಥೆಗಾರರು!

ಪತ್ರಿಕೆಗಳ ದೀಪಾವಳಿ, ಯುಗಾದಿ ಸ್ಪರ್ಧೆಗಳಿಗೆ ಒಂದು ಕಥೆ ಸಾಕು. ಹತ್ತಾರು ಕಥೆ ಕೂಡಿಟ್ಟಿದ್ದೀರಾ? ಕಥೆಗಾರ ವಸುಧೇಂದ್ರರ ಛಂದ ಪುಸ್ತಕ ಹೊಸಬರ ಹಸ್ತಪ್ರತಿಗಳಿಗೇ ಸ್ಪರ್ಧೆ ನಡೆಸಿ, ಗೆದ್ದದ್ದನ್ನು ಬಹುಮಾನ ಕೊಟ್ಟು ಪುಸ್ತಕ ಮಾಡುತ್ತಾ ಬಂದಿದೆ. ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಧನಸಹಾಯದ ಯೋಜನೆಯೂ ಉಂಟು.

ಆದರೆ ಹುಷಾರ್! 'ಸಂಕಲನದಲ್ಲಿ ನಿಮ್ಮ ಕಥೆ ಹಾಕ್ತೀವಿ, ಐವತ್ತು ಪ್ರತಿ ನೀವೇ ಕೊಳ್ಳಿ' ಎನ್ನುವವರೂ ಇದ್ದಾರೆ. ಅದು ಸ್ಪರ್ಧೆಯಲ್ಲ ಸ್ವಾಮಿ, ವ್ಯಾಪಾರ. ನಿಯಮಗಳನ್ನು ಕೊನೆಯ ಸಾಲಿನವರೆಗೂ ಓದಿ. ಸಿನಿಮಾ ಹಕ್ಕು ಯಾರದು ಅಂತ ನೋಡಿ, ಬರೆದುಕೊಡುವಂತೆ ಕೇಳಿದರೆ ಎರಡು ಸಲ ಯೋಚಿಸಿ. ಬಹುಪಾಲು ಸ್ಪರ್ಧೆಗಳಿಗೆ ಎಲ್ಲೂ ಪ್ರಕಟವಾಗದ ಕಥೆಯೇ ಬೇಕು, ಹಾಗಾಗಿ ಫೇಸ್‌ಬುಕ್ಕಿಗೆ ಹಾಕುವ ಆತುರ ಬೇಡ. ಕಥೆಯೊಳಗೆ 'ಇಲ್ಲೊಂದು ಹಾಡು', 'ಇಂಟರ್ವಲ್' ಅಂತೆಲ್ಲ ಬರೆಯಲೇಬೇಡಿ, ತೀರ್ಪುಗಾರರು ಅಲ್ಲಿಗೇ ಮಡಚಿಡುತ್ತಾರೆ!

ದೀಪಾವಳಿ ಸ್ಪರ್ಧೆಯ ಪ್ರಕಟಣೆ ಹಬ್ಬಕ್ಕೆ ತಿಂಗಳುಗಳ ಮುಂಚೆಯೇ ಬಂದುಬಿಡುತ್ತದೆ. ಕಂಡ ದಿನವೇ ಕತ್ತರಿಸಿ ಜೇಬಲ್ಲಿಟ್ಟುಕೊಳ್ಳಿ.