ಹೆಸರು ನೋಡಿ ಮೋಸಹೋದೆ

ಹೈದರಾಬಾದಿಗೆ ಬಂದ ಹೊಸತು. ಮಾಧಾಪುರದಲ್ಲಿ ನಮ್ಮ ಪಿಜಿ ಪಕ್ಕದ ಕಿರಾಣಿ ಅಂಗಡಿಯವರು ‘ಪಾಲು ಕಾವಾಲಾ?’ ಎಂದು ಕೇಳಿದಾಗ, ಯಾವ ಆಸ್ತಿಯಲ್ಲಿ ಪಾಲಪ್ಪಾ ಎಂದು ತಬ್ಬಿಬ್ಬಾಗಿದ್ದೆ. ಅವರು ಕೇಳಿದ್ದು ಹಾಲು. ಹಳಗನ್ನಡದಲ್ಲಿ ನಮಗೂ ಅದು ‘ಪಾಲ್’ ಆಗಿತ್ತು. ನಾವು ‘ಹ’ಕಾರಕ್ಕೆ ಹೊರಳಿದೆವು, ತೆಲುಗಿನವರು ಹೊರಳಲಿಲ್ಲ. ನನ್ನ ಕೆಲಸದಲ್ಲಿ ಬ್ರೌಸರ್‌ಗಳದ್ದೂ ಇದೇ ಕಥೆ.

ಆಗ ನಮ್ಮ ತಂಡ ಒಂದು ಆಸ್ಪತ್ರೆಗೆ ಲ್ಯಾಬ್ ವರದಿಯ ಪುಟ ಮಾಡಿಕೊಟ್ಟಿತ್ತು. ರಕ್ತಪರೀಕ್ಷೆಯ ಅಂಕಿಗಳು ಎಕ್ಸ್‌ಎಂಎಲ್ ರೂಪದಲ್ಲಿ ಬರುತ್ತಿದ್ದವು. ಅವನ್ನು ಕೋಷ್ಟಕವಾಗಿ ತೋರಿಸುವ ನಿಯಮಗಳನ್ನು ಎಕ್ಸ್‌ಎಸ್‌ಎಲ್‌ಟಿಯಲ್ಲಿ ಬರೆದಿದ್ದೆವು. 1999ರಲ್ಲೇ ಡಬ್ಲ್ಯು3ಸಿ ಮಾನ್ಯ ಮಾಡಿದ ಭಾಷೆ ಅದು. ನಿಯಮ ಒಂದೇ ಆದರೂ ಅದನ್ನು ನಡೆಸುವ ದಾರಿ ಎರಡು. ಫೈರ್‌ಫಾಕ್ಸ್, ಕ್ರೋಮ್‌ನಲ್ಲಿ ‘ಎಕ್ಸ್‌ಎಸ್‌ಎಲ್‌ಟಿ ಪ್ರೊಸೆಸರ್’; ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಆಕ್ಟಿವ್‌ಎಕ್ಸ್ ಮೂಲಕ ಮೈಕ್ರೋಸಾಫ್ಟ್‌ನ ಎಂಎಸ್‌ಎಕ್ಸ್‌ಎಂಎಲ್.

ನಾನು ಬ್ರೌಸರಿನ ಹೆಸರು ನೋಡಿ ದಾರಿ ಆರಿಸಿದ್ದೆ. ಗುರುತಿನ ಸಾಲಿನಲ್ಲಿ ‘ಎಂಎಸ್‌ಐಇ’ ಎಂದಿದ್ದರೆ ಮೈಕ್ರೋಸಾಫ್ಟ್ ದಾರಿ, ಇಲ್ಲದಿದ್ದರೆ ಇನ್ನೊಂದು. 2013ರಲ್ಲಿ ಬಂದ ಎಕ್ಸ್‌ಪ್ಲೋರರ್‌ನ 11ನೇ ಆವೃತ್ತಿ ಆ ಗುರುತನ್ನೇ ಕೈಬಿಟ್ಟಿತು. ವಾರ್ಡಿನ ಕಂಪ್ಯೂಟರ್ ಅಪ್‌ಡೇಟ್ ಆದ ಮರುದಿನ ಬೆಳಗ್ಗೆ ವರದಿಯ ಪುಟ ಖಾಲಿ! ಡ್ಯೂಟಿ ಡಾಕ್ಟರು ಲ್ಯಾಬ್‌ಗೆ ಫೋನ್ ಮಾಡಿ, ಒಬ್ಬೊಬ್ಬ ರೋಗಿಯ ಅಂಕಿಗಳನ್ನೂ ಕೈಯಲ್ಲೇ ಬರೆದುಕೊಂಡರಂತೆ. ಕೇಳಿ ಹೊಟ್ಟೆಯಲ್ಲಿ ತಳಮಳ. ಒಂದು ಅಂಕಿ ತಪ್ಪಾಗಿ ಕೇಳಿಸಿದ್ದರೆ?

ಸರಿಪಡಿಸಲು ಕೂತಾಗ ಇನ್ನೊಂದು ಸೋಜಿಗ. ಆಕ್ಟಿವ್‌ಎಕ್ಸ್ ಇದೆಯೇ ಎಂದು ಮಾಮೂಲಿ ರೀತಿಯಲ್ಲಿ ವಿಚಾರಿಸಿದರೆ ಆ ಆವೃತ್ತಿ ‘ಇಲ್ಲ’ ಎನ್ನುತ್ತಿತ್ತು. ನೇರವಾಗಿ ಬಳಸಲು ಹೋದರೆ ಕೆಲಸ ಮಾಡುತ್ತಿತ್ತು! ಆಮೇಲೆ ಹೆಸರು ಕೇಳುವುದನ್ನೇ ಬಿಟ್ಟೆ. ಹೊಸ ಕೋಡ್‌ನಲ್ಲಿ ಮೂರೇ ಹೆಜ್ಜೆ: ಪ್ರೊಸೆಸರ್ ಇದ್ದರೆ ಅದನ್ನು ಬಳಸು, ಇಲ್ಲದಿದ್ದರೆ ಎಂಎಸ್‌ಎಕ್ಸ್‌ಎಂಎಲ್ ಅನ್ನು ಬಳಸಿ ನೋಡು, ಅದೂ ಆಗದಿದ್ದರೆ ಖಾಲಿ ಪುಟ ತೋರಿಸದೆ ಸರ್ವರ್‌ನಿಂದಲೇ ಸಿದ್ಧ ಕೋಷ್ಟಕ ತರಿಸು.

‘ಎರಡೂ ಇಲ್ಲದ ಬ್ರೌಸರ್ ಎಲ್ಲಿದೆ ಮಾರಾಯ?’ ಎಂದು ಗೆಳೆಯರು ನಕ್ಕಿದ್ದರು. 2022ರ ಜೂನ್‌ನಲ್ಲಿ ಎಕ್ಸ್‌ಪ್ಲೋರರ್ ನಿವೃತ್ತವಾಯಿತು. 2025ರಲ್ಲಿ ಕ್ರೋಮ್ ತಂಡ, ಭದ್ರತೆಯ ಕಾರಣ ಕೊಟ್ಟು, ಎಕ್ಸ್‌ಎಸ್‌ಎಲ್‌ಟಿಯನ್ನೇ ಬ್ರೌಸರಿನಿಂದ ತೆಗೆಯುವ ಯೋಜನೆ ಪ್ರಕಟಿಸಿತು. ನಿಮ್ಮ ಕಚೇರಿಯಲ್ಲಿ ಇಂಥ ಹಳೆಯ ಪುಟಗಳಿದ್ದರೆ ಈಗಲೇ ಹುಡುಕಿ, ಪರಿವರ್ತನೆಯ ಕೆಲಸವನ್ನು ಸರ್ವರ್‌ಗೆ ಸಾಗಿಸಿ. ಅಂದು ಹೆದರಿ ಬರೆದ ಆ ಮೂರನೇ ಹೆಜ್ಜೆಯೇ ಇನ್ನು ಮುಂದೆ ನಮ್ಮ ಪುಟಕ್ಕೆ ಮೊದಲ ಹೆಜ್ಜೆ.